ಡಿಕ್ಕಿಯೊಳಗೆ ಹುಟ್ಟಿದ ಪ್ರೀತಿ: ‘ಔಟ್ ಆಫ್ ಸೈಟ್’ ಕಾದಂಬರಿ, ಕೆಲವು ತಪ್ಪು ಕಲ್ಪನೆಗಳು

ಅಮೆರಿಕದ ಎಲ್ಮೋರ್ ಲೆನರ್ಡ್ 1996ರಲ್ಲಿ ‘ಔಟ್ ಆಫ್ ಸೈಟ್’ ಎಂಬ ಕಾದಂಬರಿ ಪ್ರಕಟಿಸಿದರು. ಜ್ಯಾಕ್ ಫೋಲಿ ಬ್ಯಾಂಕ್ ದರೋಡೆಕೋರ. ಫ್ಲೋರಿಡಾದ ಗ್ಲೇಡ್ಸ್ ಜೈಲಿನಲ್ಲಿ ಬೇರೆ ಕೈದಿಗಳು ತೋಡಿದ ಸುರಂಗದಿಂದ ಅವನು ಹೊರಬೀಳುವ ಹೊತ್ತಿಗೆ ಕ್ಯಾರೆನ್ ಸಿಸ್ಕೊ ಎಂಬ ಡೆಪ್ಯುಟಿ ಮಾರ್ಷಲ್ ಕೋರ್ಟಿನ ಕಾಗದ ತಲುಪಿಸಲು ಅಲ್ಲಿಗೆ ಬಂದಿರುತ್ತಾಳೆ. ಫೋಲಿ ಮತ್ತು ಅವನ ಗೆಳೆಯ ಬಡ್ಡಿ ಅವಳನ್ನು ಹಿಡಿದು ಅವಳದೇ ಕಾರಿನ ಡಿಕ್ಕಿಗೆ ತಳ್ಳುತ್ತಾರೆ. ಮೈಯೆಲ್ಲ ಕೆಸರಾಗಿರುವ ಫೋಲಿಯೂ ಅದೇ ಡಿಕ್ಕಿಗೆ ಇಳಿಯುತ್ತಾನೆ. ಬಡ್ಡಿ ಕಾರು ಓಡಿಸುತ್ತಾನೆ, ಒಳಗೆ ಕತ್ತಲಲ್ಲಿ ಇವರಿಬ್ಬರೂ ಸಿನಿಮಾಗಳ ಬಗ್ಗೆ ಮಾತಾಡುತ್ತಾರೆ. ಮುಂದಿನ ಕಥೆಯೆಲ್ಲ ಆ ಮಾತುಕತೆಯಿಂದ ಬೆಳೆಯುತ್ತದೆ.

ಕಳ್ಳನಿಗೂ ಪೊಲೀಸಿಗೂ ಪ್ರೀತಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಪುಸ್ತಕ ತೆರೆಯುವ ಮೊದಲೇ ತೀರ್ಮಾನ ಹೇಳಿಬಿಡುತ್ತಾರೆ. ಕೆಲವರಿಗೆ ಅದು ಹಗಲುಗನಸು, ಕೆಲವರಿಗೆ ಅಪರಾಧಕ್ಕೆ ಕೊಟ್ಟ ಪ್ರೋತ್ಸಾಹ. ಈ ಕಾದಂಬರಿಗೆ ಆ ಎರಡು ಮಾತೂ ಹೊಂದುವುದಿಲ್ಲ. ಇಂಥ ಕಥೆಯನ್ನು ಎಷ್ಟು ಪ್ರಾಮಾಣಿಕವಾಗಿ ಬರೆಯಬಹುದು ಎಂಬುದಕ್ಕೆ ನಾನು ಮೊದಲು ಹೆಸರಿಸುವ ಪುಸ್ತಕ ಇದೇ. ಹಾಗಾಗಿ ಇದರ ಸುತ್ತ ಕೇಳಿಬರುವ ತಪ್ಪು ಗ್ರಹಿಕೆಗಳನ್ನು ಒಂದೊಂದಾಗಿ ಬಿಡಿಸುವುದು ಅಗತ್ಯ ಅನ್ನಿಸುತ್ತದೆ.

ತಪ್ಪು ಕಲ್ಪನೆ: ಇದೊಂದು ರೊಮ್ಯಾನ್ಸ್ ಕಾದಂಬರಿ, ಕೊನೆಗೆ ಇಬ್ಬರೂ ಸುಖವಾಗಿರುತ್ತಾರೆ

ವಾಸ್ತವ: ಪುಸ್ತಕ ವ್ಯಾಪಾರದಲ್ಲಿ ರೊಮ್ಯಾನ್ಸ್ ಎಂಬ ಹಣೆಪಟ್ಟಿಗೆ ಸ್ಪಷ್ಟವಾದ ಷರತ್ತುಗಳಿವೆ. 1980ರಲ್ಲಿ ಶುರುವಾದ ‘ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ’ ಎಂಬ ಲೇಖಕರ ಸಂಘ ಎರಡನ್ನು ಕಡ್ಡಾಯ ಎಂದಿತ್ತು: ಕಥೆಯ ನಡುಮನೆಯಲ್ಲಿ ಪ್ರೇಮವಿರಬೇಕು, ಮುಕ್ತಾಯ ಮನಸ್ಸಿಗೆ ತೃಪ್ತಿ ಕೊಟ್ಟು ಭರವಸೆ ಹುಟ್ಟಿಸಬೇಕು. ಈ ಷರತ್ತು ಪಾಲಿಸಿ ಕಳ್ಳನನ್ನೂ ಪೊಲೀಸನ್ನೂ ಜೋಡಿ ಮಾಡಬೇಕಾದರೆ ಲೇಖಕರು ಒಂದು ಅಡ್ಡದಾರಿ ಹುಡುಕಲೇಬೇಕು. ಆರೋಪಿ ಅಸಲಿಗೆ ನಿರಪರಾಧಿ, ಯಾರೋ ಸಿಕ್ಕಿಸಿಹಾಕಿದ್ದಾರೆ ಎನ್ನುವುದು ಒಂದು ದಾರಿ. ಕಳ್ಳ ಸರ್ಕಾರದ ಪರವಾಗಿ ಕೆಲಸ ಮಾಡಲು ಒಪ್ಪುವುದು ಇನ್ನೊಂದು. ಜ್ಯಾನೆಟ್ ಇವಾನೊವಿಚ್ ಮತ್ತು ಲೀ ಗೋಲ್ಡ್‌ಬರ್ಗ್ ಸೇರಿ 2013ರಲ್ಲಿ ತಂದ ‘ದ ಹೈಸ್ಟ್’ ಕಾದಂಬರಿ ಈ ಎರಡನೆಯ ದಾರಿ ಹಿಡಿಯುತ್ತದೆ. ಅದರಲ್ಲಿ ಎಫ್‌ಬಿಐ ಅಧಿಕಾರಿ ಕೇಟ್ ಓಹೇರ್ ಮತ್ತು ಮಹಾವಂಚಕ ನಿಕ್ ಫಾಕ್ಸ್ ಗುಟ್ಟಾಗಿ ಒಂದೇ ತಂಡದವರಾಗುತ್ತಾರೆ. ಓದಲು ಹಗುರ, ಸರಣಿಯಾಗಿ ಹಲವು ಪುಸ್ತಕ ಬಂದವು. ಓದಿ ಖುಷಿಪಡಲು ಯಾವ ಅಡ್ಡಿಯೂ ಇಲ್ಲ. ಆದರೆ ಇಬ್ಬರೂ ಒಂದೇ ಕಡೆ ನಿಂತ ಮೇಲೆ ಅಲ್ಲಿ ಕಾನೂನು ಮತ್ತು ಪ್ರೀತಿಯ ನಡುವೆ ಜಗಳ ಉಳಿಯುವುದಿಲ್ಲ.

ಲೆನರ್ಡ್ ಇಂಥ ಯಾವ ಅಡ್ಡದಾರಿಗೂ ಹೋಗುವುದಿಲ್ಲ. ಫೋಲಿ ನಿಜಕ್ಕೂ ಬ್ಯಾಂಕ್ ದೋಚಿದವನು, ಮುಂದೆಯೂ ದೋಚುವ ಯೋಜನೆಯಲ್ಲೇ ಇರುವವನು. ಕ್ಯಾರೆನ್ ಕೆಲಸ ಬಿಡುವುದಿಲ್ಲ, ಬಿಡುವ ಯೋಚನೆಯನ್ನೂ ಮಾಡುವುದಿಲ್ಲ. ಕಾದಂಬರಿಯ ಕೊನೆಯಲ್ಲಿ ಅವಳು ಅವನ ತೊಡೆಗೆ ಗುಂಡು ಹೊಡೆದು ಬಂಧಿಸುತ್ತಾಳೆ. ಸಂಘದ ಷರತ್ತಿನ ಪ್ರಕಾರ ಇದು ರೊಮ್ಯಾನ್ಸ್ ಅಲ್ಲವೇ ಅಲ್ಲ. ಇದೊಂದು ಅಪರಾಧ ಕಾದಂಬರಿ, ಅದರ ಹೊಟ್ಟೆಯಲ್ಲಿ ಒಂದು ಅಪ್ಪಟ ಪ್ರೇಮಕಥೆಯಿದೆ.

ತಪ್ಪು ಕಲ್ಪನೆ: ಕ್ಯಾರೆನ್ ಎಫ್‌ಬಿಐ ಅಧಿಕಾರಿ

ವಾಸ್ತವ: ಕ್ಯಾರೆನ್ ಯು.ಎಸ್. ಮಾರ್ಷಲ್ಸ್ ಸರ್ವಿಸ್‌ನವಳು. ಈ ವ್ಯತ್ಯಾಸದ ಮೇಲೆಯೇ ಕಥೆ ನಿಂತಿದೆ. ಮಾರ್ಷಲ್ ಹುದ್ದೆ ಅಮೆರಿಕದ ಮೊದಲ ಸಂಸತ್ತು 1789ರಲ್ಲಿ ಸೃಷ್ಟಿಸಿದ್ದು. ಕೋರ್ಟಿಗೆ ಕಾವಲು, ಸಮನ್ಸ್ ಜಾರಿ, ಕೈದಿಗಳ ಸಾಗಾಟ, ಸಾಕ್ಷಿಗಳ ರಕ್ಷಣೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ತಲೆಮರೆಸಿಕೊಂಡವರ ಬೇಟೆ ಅವರ ಕೆಲಸ. ಎಫ್‌ಬಿಐ ಹುಟ್ಟಿದ್ದು 1908ರಲ್ಲಿ. ಬ್ಯಾಂಕ್ ದರೋಡೆ ಅದರ ಕೈಗೆ ಬಂದದ್ದು ಇನ್ನೂ ತಡವಾಗಿ, ಜಾನ್ ಡಿಲಿಂಜರ್‌ನಂಥವರ ಹಾವಳಿ ಹೆಚ್ಚಿ 1934ರಲ್ಲಿ ಸಂಸತ್ತು ಅದನ್ನು ಕೇಂದ್ರ ಅಪರಾಧ ಮಾಡಿದಾಗ. ಅದೇ ವರ್ಷ ಜುಲೈ 22ರ ರಾತ್ರಿ ಶಿಕಾಗೊದ ಬಯೋಗ್ರಾಫ್ ಚಿತ್ರಮಂದಿರದಿಂದ ಹೊರಬಂದ ಡಿಲಿಂಜರ್‌ನನ್ನು ಎಫ್‌ಬಿಐನವರು ಗುಂಡಿಟ್ಟು ಕೊಂದರು. ಅವನು ನೋಡಿ ಬಂದಿದ್ದ ಚಿತ್ರ ‘ಮ್ಯಾನ್‌ಹ್ಯಾಟನ್ ಮೆಲೊಡ್ರಾಮಾ’. ಬಾಲ್ಯದ ಗೆಳೆಯರಿಬ್ಬರಲ್ಲಿ ಒಬ್ಬ ಗ್ಯಾಂಗ್‌ಸ್ಟರ್ ಆಗಿ, ಇನ್ನೊಬ್ಬ ಸರ್ಕಾರಿ ವಕೀಲನಾಗಿ, ಒಬ್ಬಳೇ ಹೆಣ್ಣನ್ನು ಪ್ರೀತಿಸುವ ಕಥೆ ಅದು. ಅಪರಾಧಿ, ಕಾನೂನು, ಪ್ರೀತಿ ಈ ಮೂರರ ಗಂಟು ಅಮೆರಿಕದ ತೆರೆಯ ಮೇಲೆ ಅಷ್ಟು ಹಿಂದೆಯೇ ಬಿದ್ದಿತ್ತು.

ಎಫ್‌ಬಿಐಯವರು ಆದ ಅಪರಾಧವನ್ನು ತನಿಖೆ ಮಾಡುತ್ತಾರೆ, ಮಾರ್ಷಲ್ ಓಡಿಹೋದವನನ್ನು ಹುಡುಕುತ್ತಾಳೆ. ಒಬ್ಬ ಮನುಷ್ಯ ಯಾವ ಊರಿಗೆ ಹೋಗುತ್ತಾನೆ, ಯಾರಿಗೆ ಫೋನ್ ಮಾಡುತ್ತಾನೆ, ಹಳೆಯ ಹೆಂಡತಿಯ ಮನೆಗೆ ಬರುತ್ತಾನೋ ಇಲ್ಲವೋ ಎಂದು ಹಗಲಿರುಳು ಅವನನ್ನೇ ನೆನೆಯುವುದು ಅವಳ ಉದ್ಯೋಗ. ಪ್ರೀತಿಸುವವರು ಮಾಡುವುದೂ ಅದನ್ನೇ. ಲೆನರ್ಡ್ ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಕ್ಯಾರೆನ್ ಫೋಲಿಯ ಜಾಡು ಹಿಡಿದು ಮಯಾಮಿಯಿಂದ ಡೆಟ್ರಾಯಿಟ್‌ಗೆ ಹೋಗುವಾಗ ಅವಳು ಹುಡುಕುತ್ತಿರುವುದು ಕೈದಿಯನ್ನೋ ಪ್ರಿಯನನ್ನೋ ಎಂದು ಅವಳಿಗೇ ಖಚಿತವಿರುವುದಿಲ್ಲ.

ಈ ಪಾತ್ರ ಗಂಡಸಿನ ಕಲ್ಪನೆಯ ಗೊಂಬೆ ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡಬಹುದು. ಡೆಟ್ರಾಯಿಟ್‌ನ ಪತ್ರಿಕೆಯೊಂದರಲ್ಲಿ ಬಂದ ಫೋಟೊದಿಂದ ಕ್ಯಾರೆನ್ ಹುಟ್ಟಿದಳು ಎಂದು ಲೆನರ್ಡ್ ಹೇಳಿಕೊಂಡಿದ್ದರು. ಮಯಾಮಿಯ ಕೋರ್ಟಿನ ಮುಂದೆ ಶಾಟ್‌ಗನ್ ಹಿಡಿದು ನಿಂತ ಒಬ್ಬ ಯುವ ಮಹಿಳಾ ಮಾರ್ಷಲ್‌ಳ ಚಿತ್ರ ಅದು. ಲೆನರ್ಡ್‌ಗಾಗಿ ಕೋರ್ಟು, ಜೈಲು, ಪೊಲೀಸ್ ಠಾಣೆಗಳಿಂದ ಮಾಹಿತಿ ಕಲೆಹಾಕಲು ಗ್ರೆಗ್ ಸಟರ್ ಎಂಬ ಸಹಾಯಕರು ವರ್ಷಗಟ್ಟಲೆ ದುಡಿದರು. ಕಾದಂಬರಿಯಲ್ಲಿ ಕೈಕೋಳದ ಸದ್ದು, ಕಚೇರಿಯೊಳಗಿನ ಮೇಲಾಟ, ಮಹಿಳಾ ಅಧಿಕಾರಿಯನ್ನು ಸಹೋದ್ಯೋಗಿಗಳು ನೋಡುವ ನೋಟ ಇವೆಲ್ಲ ಅಷ್ಟು ನಿಖರವಾಗಿರುವುದು ಅದರಿಂದಲೇ.

ತಪ್ಪು ಕಲ್ಪನೆ: ಅಪಹರಿಸಿದವನ ಮೇಲೆ ಹುಟ್ಟುವ ಒಲವು ಪ್ರೀತಿಯಲ್ಲ, ‘ಸ್ಟಾಕ್‌ಹೋಮ್ ಸಿಂಡ್ರೋಮ್’

ವಾಸ್ತವ: ಈ ಆಕ್ಷೇಪ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ, ವೈಜ್ಞಾನಿಕವೆಂಬಂತೆಯೂ ತೋರುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಆದದ್ದೇನು ಎಂದು ನೋಡಿದರೆ ಅದರ ಬುಡ ಅಲ್ಲಾಡುತ್ತದೆ.

1973ರ ಆಗಸ್ಟ್ 23ರಂದು ಯಾನ್ ಎರಿಕ್ ಊಲ್ಸನ್ ಎಂಬವನು ಸ್ಟಾಕ್‌ಹೋಮ್‌ನ ನೋರ್‌ಮಾಲ್ಮ್‌ಸ್ಟೋರ್ಗ್ ಚೌಕದ ಕ್ರೆಡಿಟ್‌ಬ್ಯಾಂಕನ್‌ಗೆ ಬಂದೂಕು ಹಿಡಿದು ನುಗ್ಗಿದ. ಮೂವರು ಹೆಂಗಸರು ಮತ್ತು ಒಬ್ಬ ಗಂಡಸು ಒತ್ತೆಯಾಳುಗಳಾದರು. ಜೈಲಿನಲ್ಲಿದ್ದ ಗೆಳೆಯ ಕ್ಲಾರ್ಕ್ ಊಲೊಫ್‌ಸನ್‌ನನ್ನು ತನ್ನಲ್ಲಿಗೆ ಕರೆತರಬೇಕೆಂದು ಊಲ್ಸನ್ ಪಟ್ಟುಹಿಡಿದ, ಸರ್ಕಾರ ಕರೆತಂದಿತು. ಬ್ಯಾಂಕಿನ ತಿಜೋರಿ ಕೋಣೆಯೊಳಗೆ ಆರು ದಿನ ಕಳೆದವು. ಪೊಲೀಸರು ಛಾವಣಿಗೆ ರಂಧ್ರ ಕೊರೆದು ಆಗಸ್ಟ್ 28ರಂದು ಅಶ್ರುವಾಯು ಬಿಟ್ಟು ಮುತ್ತಿಗೆ ಮುಗಿಸಿದರು. ಅದಕ್ಕೂ ಮೊದಲು ಒತ್ತೆಯಾಳುಗಳಲ್ಲಿ ಒಬ್ಬಳು ಪ್ರಧಾನಿ ಊಲೊಫ್ ಪಾಲ್ಮೆಗೇ ಫೋನ್ ಮಾಡಿ, ದರೋಡೆಕೋರರ ಜೊತೆ ತಮ್ಮನ್ನು ಹೊರಗೆ ಹೋಗಲು ಬಿಡಿ ಎಂದು ಕೇಳಿದ್ದಳು. ಅವಳಿಗೆ ಭಯವಿದ್ದದ್ದು ಪೊಲೀಸರು ನುಗ್ಗಿದರೆ ನಡುವೆ ಸಿಕ್ಕಿ ತಾವೇ ಸಾಯುತ್ತೇವೆಂದು. ಪೊಲೀಸರಿಗೆ ಸಲಹೆ ಕೊಡುತ್ತಿದ್ದ ಮನೋವೈದ್ಯ ನಿಲ್ಸ್ ಬೆಯೆರೊಟ್ ಆಕೆಯ ವರ್ತನೆಯನ್ನು ಒಂದು ಮಾನಸಿಕ ಸ್ಥಿತಿಯೆಂದು ವರ್ಣಿಸಿದರು. ಆ ವರ್ಣನೆಯಿಂದ ಬೆಳೆದ ಹೆಸರೇ ಇದು. ಆಕೆ ಮುಂದೆ ಈ ಹಣೆಪಟ್ಟಿಯನ್ನು ಒಪ್ಪಲಿಲ್ಲ. ಬದುಕಿ ಉಳಿಯಲು ಯಾರ ಜೊತೆ ಹೊಂದಿಕೊಂಡು ನಡೆಯಬೇಕಿತ್ತೋ ಅವರ ಜೊತೆ ನಡೆದೆ ಎನ್ನುವುದು ಅವಳ ವಾದ. ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಅಧಿಕೃತ ಕೈಪಿಡಿಯಲ್ಲಿ ಸ್ಟಾಕ್‌ಹೋಮ್ ಸಿಂಡ್ರೋಮ್ ಎಂಬ ಕಾಯಿಲೆ ಇಲ್ಲ.

ಈಗ ಕ್ಯಾರೆನ್‌ಳ ಕಡೆ ನೋಡಿ. ಡಿಕ್ಕಿಯೊಳಗೆ ಅವಳು ಫೋಲಿಯ ಮಾತಿಗೆ ಮಾತು ಕೊಡುತ್ತಲೇ ತಪ್ಪಿಸಿಕೊಳ್ಳುವ ಲೆಕ್ಕ ಹಾಕುತ್ತಿರುತ್ತಾಳೆ. ಡಿಕ್ಕಿ ತೆರೆದುಕೊಂಡಾಗ ಅವಳ ಕೈಯಲ್ಲಿ ಪಿಸ್ತೂಲು ಇರುತ್ತದೆ, ಅವಳು ಅದನ್ನು ಹಾರಿಸುತ್ತಾಳೆ. ಆಮೇಲೆ ಅವರ ಜೊತೆಗಾರ ಗ್ಲೆನ್ ಎಂಬ ಪುಕ್ಕಲನನ್ನು ಮಾತಿನಲ್ಲೇ ಹೆದರಿಸಿ, ಫೋಲಿ ಮತ್ತು ಬಡ್ಡಿಯನ್ನು ನಡುದಾರಿಯಲ್ಲೇ ಬಿಟ್ಟು ಕಾರು ಓಡಿಸಿಕೊಂಡು ಹೋಗುವಂತೆ ಮಾಡುತ್ತಾಳೆ. ಒತ್ತೆಯಾಳು ಮನಸೋತಿದ್ದಾಳೆ ಎನ್ನಲು ಇಲ್ಲೇನಿದೆ? ಅವಳಿಗೆ ಫೋಲಿಯ ಮೇಲೆ ಮನಸ್ಸಾಗುವುದು ಅವನ ಹಿಡಿತದಿಂದ ಬಿಡಿಸಿಕೊಂಡ ಮೇಲೆ. ಅವಳು ಮತ್ತೆ ಬ್ಯಾಡ್ಜು, ಪಿಸ್ತೂಲು, ಕಚೇರಿ ಎಲ್ಲ ಇರುವ ಅಧಿಕಾರಿ, ಅವನು ಓಡುತ್ತಿರುವ ಕೈದಿ. ಆಗ ಬಲ ಅವಳ ಕಡೆಗಿದೆ. ಲೆನರ್ಡ್ ಘಟನೆಗಳನ್ನು ಹೀಗೆ ಜೋಡಿಸಿದ್ದು ಆಕಸ್ಮಿಕವಲ್ಲ. ಇದಕ್ಕೆ ಅಪಹರಣದ ಕಾಯಿಲೆ ಎಂದು ಹೆಸರಿಡುವವರು ಡಿಕ್ಕಿಯ ದೃಶ್ಯವನ್ನು ನೆನಪಿಟ್ಟುಕೊಂಡು ಅದರ ನಂತರದ ಪುಟಗಳನ್ನು ಮರೆತಿದ್ದಾರೆ.

ತಪ್ಪು ಕಲ್ಪನೆ: ಪ್ರೀತಿಗೆ ಬಿದ್ದ ಮಹಿಳಾ ಅಧಿಕಾರಿ ಕರ್ತವ್ಯ ಮರೆಯುತ್ತಾಳೆ

ವಾಸ್ತವ: ಕ್ಯಾರೆನ್‌ಗೆ ಇದು ಮೊದಲ ಸಲವಲ್ಲ. ‘ಕ್ಯಾರೆನ್ ಮೇಕ್ಸ್ ಔಟ್’ ಎಂಬ ಸಣ್ಣಕಥೆಯಲ್ಲಿ ಲೆನರ್ಡ್ ಅವಳನ್ನು ಪರಿಚಯಿಸಿದ್ದರು. ಅದರಲ್ಲಿ ಅವಳು ಒಲಿದ ಕಾರ್ಲ್ ಟಿಲ್‌ಮನ್ ಎಂಬವನು ಬ್ಯಾಂಕ್ ದರೋಡೆಯ ಶಂಕಿತ ಎಂದು ಎಫ್‌ಬಿಐ ಹೇಳುತ್ತದೆ, ಅದು ನಿಜವೂ ಆಗುತ್ತದೆ, ಅವಳೇ ಅವನ ಮೇಲೆ ಗುಂಡು ಹಾರಿಸಬೇಕಾಗುತ್ತದೆ. ಕಾದಂಬರಿಯಲ್ಲಿ ಎಫ್‌ಬಿಐ ಅಧಿಕಾರಿ ಡೇನಿಯಲ್ ಬರ್ಡನ್ ಅದೇ ಹಳೆಯ ಸಂಗತಿಯನ್ನು ಕೆದಕಿ, ಫೋಲಿಯ ಶೋಧ ತಂಡಕ್ಕೆ ಸೇರಲು ಬಂದ ಅವಳನ್ನು ಕೂರಿಸಿ ಪ್ರಶ್ನೆ ಮಾಡುತ್ತಾನೆ. ಈ ದೃಶ್ಯ ನನಗೆ ಬಹಳ ಮುಖ್ಯ. ಗಂಡಸು ಅಧಿಕಾರಿಯೊಬ್ಬನ ಖಾಸಗಿ ಬದುಕನ್ನು ಯಾರೂ ಹೀಗೆ ಮೇಜಿನ ಮೇಲೆ ಹರಡುವುದಿಲ್ಲ. ಕ್ಯಾರೆನ್‌ಳ ಪರಿಚಿತ ಅಧಿಕಾರಿ ರೇ ನಿಕೊಲೆಟ್ ಮದುವೆಯಾದವನು, ಆದರೂ ಅವಳ ಹಿಂದೆ ಸುತ್ತುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಕಾನೂನಿನ ಕಡೆಯ ಗಂಡಸರು ಅವಳಿಗೆ ಸುಳ್ಳು ಹೇಳುತ್ತಾರೆ, ಕಾನೂನು ಮುರಿದವನು ನೇರವಾಗಿ ಮಾತಾಡುತ್ತಾನೆ. ಅವಳ ಒಲವಿಗೆ ಇದು ಸಾಕಷ್ಟು ಗಟ್ಟಿಯಾದ ಕಾರಣ.

ಹಾಗೆಂದು ಅವಳು ತಪ್ಪೇ ಮಾಡಲಿಲ್ಲವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಮಯಾಮಿಯ ಕಟ್ಟಡವೊಂದರ ಮೇಲೆ ದಾಳಿ ನಡೆದಾಗ ಅವಳನ್ನು ಕೆಳಗಿನ ಹಾಲ್‌ನಲ್ಲಿ ಕಾವಲಿಗೆ ಕೂರಿಸಿರುತ್ತಾರೆ. ಲಿಫ್ಟಿನ ಬಾಗಿಲು ತೆರೆಯುತ್ತದೆ, ಒಳಗೆ ಫೋಲಿ. ಅವನು ಕೈ ಎತ್ತಿ ಬೀಸುತ್ತಾನೆ. ಕ್ಯಾರೆನ್ ತಂಡಕ್ಕೆ ಸುದ್ದಿ ಕೊಡುವುದಿಲ್ಲ, ಬಾಗಿಲು ಮುಚ್ಚಿಕೊಳ್ಳುತ್ತದೆ. ಇದು ಸ್ಪಷ್ಟವಾದ ಕರ್ತವ್ಯಲೋಪ, ಕಾದಂಬರಿ ಅದನ್ನು ಸಮರ್ಥಿಸಲು ಹೋಗುವುದಿಲ್ಲ. ಮುಂದೆ ಡೆಟ್ರಾಯಿಟ್‌ನ ಹೋಟೆಲಿನಲ್ಲಿ ಇಬ್ಬರೂ ಬೇರೆ ಹೆಸರು ಇಟ್ಟುಕೊಂಡು ಅಪರಿಚಿತರಂತೆ ಮಾತಿಗೆ ಕೂರುತ್ತಾರೆ. ಒಂದು ರಾತ್ರಿಯ ಮಟ್ಟಿಗೆ ಆಟಕ್ಕೆ ವಿರಾಮ ಎಂದು ಒಪ್ಪಿಕೊಳ್ಳುತ್ತಾರೆ. ವಿರಾಮ ಮುಗಿದ ಮೇಲೆ ಆಟ ಮುಂದುವರಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಯಾರೂ ಯಾರನ್ನೂ ಬದಲಾಗು ಎಂದು ಕೇಳುವುದಿಲ್ಲ, ಓಡಿಹೋಗೋಣ ಬಾ ಎಂದು ಕರೆಯುವುದಿಲ್ಲ.

ಕೊನೆಯ ದೃಶ್ಯದ ತೂಕ ಇಲ್ಲಿಂದ ಬರುತ್ತದೆ. ಡೆಟ್ರಾಯಿಟ್ ಹೊರವಲಯದ ಶ್ರೀಮಂತನ ಮನೆಗೆ ನುಗ್ಗಿದ ತಂಡದಲ್ಲಿ ಫೋಲಿ ಇದ್ದಾನೆ, ಜೊತೆಯಲ್ಲಿರುವವರು ಕೊಲ್ಲಲೂ ಹೇಸದವರು. ಅವನು ಹೊರಟುಹೋಗಬಹುದಿತ್ತು. ಮನೆಯಲ್ಲಿರುವ ಹೆಂಗಸನ್ನು ಅವರ ಕೈಗೆ ಬಿಟ್ಟು ಹೋಗಲು ಮನಸ್ಸು ಬಾರದೆ ತಿರುಗಿ ಬರುತ್ತಾನೆ. ಕ್ಯಾರೆನ್ ಅಲ್ಲಿಗೆ ತಲುಪಿದಾಗ, ಜೈಲಿಗೆ ಮರಳುವುದಕ್ಕಿಂತ ಅವಳ ಗುಂಡಿಗೆ ಸಾಯುವುದೇ ಲೇಸೆಂದು ಅವನು ಅವಳ ಪಿಸ್ತೂಲಿನ ಮುಂದೆ ನಿಲ್ಲುತ್ತಾನೆ. ಅವಳು ಕೊಲ್ಲುವುದೂ ಇಲ್ಲ, ಬಿಟ್ಟುಬಿಡುವುದೂ ಇಲ್ಲ. ತೊಡೆಗೆ ಗುರಿಯಿಡುತ್ತಾಳೆ. ಪ್ರೀತಿಸಿದ ಕಾರಣ ಅವನು ಬದುಕುತ್ತಾನೆ, ಮಾರ್ಷಲ್ ಆದ ಕಾರಣ ಜೈಲಿಗೆ ಹೋಗುತ್ತಾನೆ. ಒಂದೇ ಗುಂಡಿನಲ್ಲಿ ಎರಡಕ್ಕೂ ನಿಷ್ಠಳಾಗಿ ಉಳಿಯುವ ಇಂಥ ಮುಕ್ತಾಯವನ್ನು ಈ ಬಗೆಯ ಕಥೆಗಳಲ್ಲಿ ನಾನು ಬೇರೆಲ್ಲೂ ಓದಿಲ್ಲ.

ತಪ್ಪು ಕಲ್ಪನೆ: ಇಂಥ ಕಥೆ ಕಳ್ಳತನವನ್ನು ಮೆರೆಸುತ್ತದೆ

ವಾಸ್ತವ: ಫೋಲಿ ದರೋಡೆಗೆ ಬಂದೂಕು ಒಯ್ಯುವವನಲ್ಲ. ಮೆತ್ತಗೆ ಮಾತಾಡಿ, ಕ್ಯಾಷಿಯರ್ ಬಳಿ ದುಡ್ಡು ಕೇಳಿ ಪಡೆದು ಹೊರಡುವವನು. ಓದುಗರಿಗೆ ಅವನು ಇಷ್ಟವಾಗುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಲೆನರ್ಡ್ ಅವನ ಬದುಕನ್ನು ತೂಗಿ ನೋಡುತ್ತಾರೆ: ಪ್ರಾಯದ ಎಷ್ಟೋ ಭಾಗ ಕಂಬಿಯ ಹಿಂದೆ ಕಳೆದಿದೆ, ಮದುವೆ ಮುರಿದಿದೆ, ಬೇರೆ ಯಾವ ಕಸುಬೂ ಬರುವುದಿಲ್ಲ. ಬೇರೊಂದು ಬದುಕು ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಅವನು ಯೋಚಿಸುವುದೇ ಈ ಪುಸ್ತಕದ ಅತ್ಯಂತ ದುಃಖದ ಭಾಗ. ಡಿಕ್ಕಿಯ ಬದಲು ಯಾವುದಾದರೂ ಬಾರಿನಲ್ಲಿ ಭೇಟಿಯಾಗಿದ್ದರೆ ಎಂಬ ಪ್ರಶ್ನೆ ಅವನನ್ನು ಬಿಡುವುದೇ ಇಲ್ಲ. ಅವನ ಸುತ್ತಲಿನ ಅಪರಾಧಿಗಳಂತೂ ಯಾವ ಮೋಹಕ್ಕೂ ಎಡೆಯಿಲ್ಲದ ಕ್ರೂರಿಗಳು. ಅವರ ಹಿಂಸೆಯನ್ನು ಲೆನರ್ಡ್ ತಮಾಷೆಯಲ್ಲಿ ಮುಚ್ಚಿಹಾಕುವುದಿಲ್ಲ.

ತಪ್ಪು ಕಲ್ಪನೆ: ನಿಜ ಜೀವನದಲ್ಲೂ ಹೀಗೇ ನಡೆಯುತ್ತದೆ

ವಾಸ್ತವ: ನಡೆಯುತ್ತದೆ, ಆದರೆ ಹೀಗಲ್ಲ. ಇಂಥ ಕಾದಂಬರಿಗಳನ್ನು ಪ್ರೀತಿಸುವ ನಾವು ಈ ಮಾತನ್ನು ಎಲ್ಲರಿಗಿಂತ ಮೊದಲು ಹೇಳಬೇಕು.

2022ರ ಏಪ್ರಿಲ್ 29ರಂದು ಅಲಬಾಮಾದ ಲಾಡರ್‌ಡೇಲ್ ಕೌಂಟಿಯ ಜೈಲಿನ ಹಿರಿಯ ಮಹಿಳಾ ಅಧಿಕಾರಿಯೊಬ್ಬಳು ಕೋರ್ಟಿಗೆ ಕರೆದೊಯ್ಯುವ ನೆಪದಲ್ಲಿ ಕೈದಿಯೊಬ್ಬನನ್ನು ಹೊರಗೆ ತಂದು ಅವನ ಜೊತೆ ಪರಾರಿಯಾದಳು. ಅವನ ಮೇಲೆ ಕೊಲೆಯ ಆರೋಪವಿತ್ತು. ಇಬ್ಬರ ನಡುವೆ ಹಿಂದಿನಿಂದಲೇ ಸಂಬಂಧ ಬೆಳೆದಿದ್ದುದು ಆಮೇಲೆ ತಿಳಿಯಿತು. ಯು.ಎಸ್. ಮಾರ್ಷಲ್‌ಗಳೂ ಬೆನ್ನುಹತ್ತಿದರು. ಮೇ 9ರಂದು ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಅವರ ಕಾರಿಗೆ ಗುದ್ದಿ ತಡೆದಾಗ ಆಕೆ ತಾನೇ ಗುಂಡು ಹೊಡೆದುಕೊಂಡು ಸತ್ತಳು, ಕೈದಿ ಮತ್ತೆ ಜೈಲು ಸೇರಿದ. ಪತ್ರಿಕೆಗಳು ಅದನ್ನು ಪ್ರೇಮಕಥೆಯ ಧಾಟಿಯಲ್ಲಿ ಬರೆದವು. ನನಗೆ ಅದರಲ್ಲಿ ಕಂಡದ್ದು ವರ್ಷಗಟ್ಟಲೆ ಒಳ್ಳೆಯ ಹೆಸರಿನಿಂದ ಕೆಲಸ ಮಾಡಿದ ಒಬ್ಬ ಹೆಂಗಸು ಹನ್ನೊಂದು ದಿನಗಳಲ್ಲಿ ಎಲ್ಲವನ್ನೂ ಕಳೆದುಕೊಂಡದ್ದು.

ತಕ್ಕಡಿ ಇನ್ನೊಂದು ಕಡೆಗೆ ವಾಲಿದ ಪ್ರಕರಣಗಳು ಇದಕ್ಕಿಂತ ಹೆಚ್ಚು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಚಳವಳಿಗಾರರ ಮೇಲೆ ಕಣ್ಣಿಡಲು 1968ರಲ್ಲಿ ಒಂದು ಗುಪ್ತ ದಳ ಕಟ್ಟಿದರು. ಇಂಥ ಗುಪ್ತ ಕೆಲಸದಲ್ಲಿದ್ದ ಕೆಲವು ಪೊಲೀಸರು ಸುಳ್ಳು ಹೆಸರಿನಲ್ಲಿ ಚಳವಳಿಯ ಮಹಿಳೆಯರನ್ನು ಪ್ರೀತಿಸುವ ನಾಟಕವಾಡಿ ವರ್ಷಗಟ್ಟಲೆ ಜೊತೆಗೆ ಬಾಳಿದರು, ಮಕ್ಕಳನ್ನೂ ಪಡೆದರು, ಆಮೇಲೆ ಒಂದು ದಿನ ಮಾಯವಾದರು. ಆ ಮಹಿಳೆಯರು ಅಪರಾಧಿಗಳೂ ಆಗಿರಲಿಲ್ಲ. 2015ರ ನವೆಂಬರಿನಲ್ಲಿ ಪೊಲೀಸ್ ಇಲಾಖೆ ಏಳು ಮಹಿಳೆಯರ ಬಹಿರಂಗ ಕ್ಷಮೆ ಕೇಳಿತು. ಅದೇ ವರ್ಷ ಸಾರ್ವಜನಿಕ ವಿಚಾರಣಾ ಆಯೋಗವೂ ಶುರುವಾಯಿತು. ಅಧಿಕಾರವಿರುವವನು ಹೆಸರನ್ನೇ ಮರೆಮಾಚಿದಾಗ ಎದುರಿನವಳು ಒಪ್ಪಿದ್ದು ಯಾರಿಗೆ?

ಒಪ್ಪಿಗೆಯ ಈ ಪ್ರಶ್ನೆ ನಮ್ಮ ದೇಶಕ್ಕೂ ಹೊಸದಲ್ಲ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತು. 1979ರಲ್ಲಿ ಸುಪ್ರೀಂ ಕೋರ್ಟ್ ಆಕೆ ಪ್ರತಿರೋಧ ತೋರಲಿಲ್ಲವೆಂದು ಪೊಲೀಸರನ್ನು ಬಿಡುಗಡೆ ಮಾಡಿತು. ಮಥುರಾ ಪ್ರಕರಣ ಎಂದೇ ಹೆಸರಾದ ಅದರ ವಿರುದ್ಧ ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ವಶದಲ್ಲಿರುವವಳ ಮೇಲೆ ಅಧಿಕಾರಿ ನಡೆಸುವ ಲೈಂಗಿಕ ಕೃತ್ಯ ಪ್ರತ್ಯೇಕ ಅಪರಾಧವಾಯಿತು. ಭಾರತೀಯ ನ್ಯಾಯ ಸಂಹಿತೆಯ 68ನೆಯ ಕಲಮಿನಲ್ಲಿ ಇಂದಿಗೂ ಆ ನಿಯಮವಿದೆ. ಅಮೆರಿಕದ ಕೇಂದ್ರ ಕಾನೂನು ಇಂಥ ಲೋಪವೊಂದನ್ನು ಮುಚ್ಚಿದ್ದು 2022ರಲ್ಲಿ. ಅದಕ್ಕೂ ಮೊದಲು ಅಲ್ಲಿನ ಹಲವು ರಾಜ್ಯಗಳಲ್ಲಿ, ಬಂಧಿತಳು ಒಪ್ಪಿದ್ದಳು ಎಂದು ಹೇಳಿ ಪೊಲೀಸ್ ಪಾರಾಗಬಹುದಿತ್ತು.

ಇಂಥ ಯಾವುದೇ ಕಾದಂಬರಿ ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು. ಲಾಕಪ್ಪಿನ ಒಳಗೆ, ವಿಚಾರಣೆಯ ಕೋಣೆಯಲ್ಲಿ, ಬೇಡಿ ತೊಡಿಸಿದ ಕೈಗಳ ನಡುವೆ ‘ಪ್ರೀತಿ’ ಹುಟ್ಟಿಸಿ ಓದುಗರ ಎದೆ ಬಡಿತ ಏರಿಸುವ ಪುಸ್ತಕಗಳು ಈಗ ಮೊಬೈಲಿನಲ್ಲಿ ರಾಶಿಯಾಗಿ ಸಿಗುತ್ತವೆ. ಅವುಗಳ ಬಗ್ಗೆ ನನಗೆ ಸಿಟ್ಟಿದೆ. ಡೆಟ್ರಾಯಿಟ್‌ನ ಆ ರಾತ್ರಿ ಫೋಲಿ ಕ್ಯಾರೆನ್‌ಳ ವಶದಲ್ಲಿಲ್ಲ, ಕ್ಯಾರೆನ್ ಫೋಲಿಯ ಹಿಡಿತದಲ್ಲಿಲ್ಲ. ಇಬ್ಬರಿಗೂ ಎದ್ದು ಹೋಗುವ ಸ್ವಾತಂತ್ರ್ಯವಿದೆ. ಒಬ್ಬರು ಇನ್ನೊಬ್ಬರ ನಿಜವಾದ ಹೆಸರು, ಕೆಲಸ, ಅಪಾಯ ಎಲ್ಲವನ್ನೂ ಬಲ್ಲರು. ಆ ಸಮತೋಲನವಿಲ್ಲದಿದ್ದರೆ ಇದೇ ಕಥೆ ಅಸಹ್ಯವಾಗುತ್ತಿತ್ತು.

ತಪ್ಪು ಕಲ್ಪನೆ: ಇದು ಪಾಶ್ಚಾತ್ಯರ ಹುಚ್ಚು, ನಮ್ಮ ಮಣ್ಣಿಗೆ ಹೊರತು

ವಾಸ್ತವ: ಪ್ಯಾರಿಸ್ಸಿನ ವಿದೋಕ್ ಜೈಲುವಾಸಿಯಾಗಿದ್ದು, ಮುಂದೆ ಮಾಹಿತಿದಾರನಾಗಿ, 1810ರ ದಶಕದಲ್ಲಿ ಅಪರಾಧ ಪತ್ತೆಯ ಪೊಲೀಸ್ ದಳವನ್ನೇ ಕಟ್ಟಿದವನು. ವಿಕ್ಟರ್ ಹ್ಯೂಗೊ 1862ರ ‘ಲೆ ಮಿಸೆರಾಬ್ಲ್’ನಲ್ಲಿ ಕೈದಿ ವಾಲ್‌ಜಾನ್‌ನನ್ನೂ ಅವನ ಬೆನ್ನು ಬಿಡದ ಪೊಲೀಸ್ ಜಾವೇರ್‌ನನ್ನೂ ಇದೇ ಒಬ್ಬ ಮನುಷ್ಯನ ಬದುಕಿನಿಂದ ತೆಗೆದರೆಂದು ಅನೇಕ ವಿಮರ್ಶಕರು ಹೇಳಿದ್ದಾರೆ. ಪಶ್ಚಿಮಕ್ಕೆ ಈ ವಸ್ತುವಿನ ದೀರ್ಘ ಪರಂಪರೆ ಇದೆ, ನಿಜ.

ನಮ್ಮದು ಅದಕ್ಕಿಂತ ಹಳೆಯದು. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕ ಕನ್ನ ಕೊರೆಯುವುದು ಪ್ರೇಯಸಿ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು. ಇನ್ನು ಹಳಗನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳಲ್ಲಿ ಒಂದಾದ ‘ವಡ್ಡಾರಾಧನೆ’ಯನ್ನು ತೆರೆದರೆ, ಅದರ 19 ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಮಿಥಿಳೆಯಲ್ಲಿ ವಾಮರಥನೆಂಬ ಅರಸ, ಅವನ ತಳಾರ ಯಮದಂಡ. ತಳಾರನೆಂದರೆ ಊರ ಕಾವಲಿನ ಮುಖ್ಯಸ್ಥ, ಇಂದಿನ ಪೊಲೀಸ್ ಕಮಿಷನರ್ ಎನ್ನಬಹುದು. ಅರಸನ ಹಾರ ಕಳುವಾಗುತ್ತದೆ. ತಳಾರ ಹಿಡಿದು ತಂದ ವಿದ್ಯುಚ್ಚೋರ ಎಂಥ ಚಿತ್ರಹಿಂಸೆಗೂ ಬಾಯಿಬಿಡುವುದಿಲ್ಲ. ಕೊನೆಗೆ ಅರಸನಿಂದ ಅಭಯ ಸಿಕ್ಕ ಮೇಲೆ ಬಯಲಾಗುವ ಸಂಗತಿ ಬೇರೆಯೇ: ಕಳ್ಳನೂ ತಳಾರನೂ ಒಟ್ಟಿಗೆ ಬೆಳೆದ ಜೀವದ ಗೆಳೆಯರು. ನೀನು ಕಾಯುವ ಊರಿನಲ್ಲಿ ನಾನು ಕದಿಯುತ್ತೇನೆ ಎಂದು ಹುಡುಗತನದಲ್ಲಿ ಹಾಕಿದ ಪಂಥವನ್ನು ತೀರಿಸಲು ಅವನು ಗೆಳೆಯನನ್ನು ಅರಸಿಕೊಂಡು ಅಲ್ಲಿಯವರೆಗೆ ಬಂದಿದ್ದಾನೆ. ಇಲ್ಲಿ ಗಂಡು-ಹೆಣ್ಣಿನ ಪ್ರೇಮವಿಲ್ಲ, ಕಥೆ ಕೊನೆಗೆ ವೈರಾಗ್ಯದ ದಾರಿ ಹಿಡಿದು ಕಳ್ಳ ರಿಸಿಯಾಗುತ್ತಾನೆ. ಆದರೆ ಕಾಯುವವನಿಗೂ ಕದಿಯುವವನಿಗೂ ನಡುವೆ ದ್ವೇಷಕ್ಕಿಂತ ಆಳವಾದ ನಂಟು ಇರಬಹುದೆಂಬ ಅರಿವು ಕನ್ನಡ ಗದ್ಯಕ್ಕೆ ಸಾವಿರ ವರ್ಷಕ್ಕೂ ಹಿಂದೆಯೇ ಇತ್ತು. ಫೋಲಿ ಮತ್ತು ಕ್ಯಾರೆನ್ ‘ವಡ್ಡಾರಾಧನೆ’ ಓದಿದವರಿಗೆ ಅಪರಿಚಿತರಲ್ಲ.

ತಪ್ಪು ಕಲ್ಪನೆ: ಸಿನಿಮಾ ನೋಡಿದರೆ ಪುಸ್ತಕ ಓದಿದಂತೆಯೇ

ವಾಸ್ತವ: 1998ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಇದನ್ನು ಚಿತ್ರ ಮಾಡಿದರು. ಜಾರ್ಜ್ ಕ್ಲೂನಿ ಫೋಲಿ, ಜೆನಿಫರ್ ಲೋಪೆಜ್ ಕ್ಯಾರೆನ್. ಸ್ಕಾಟ್ ಫ್ರ್ಯಾಂಕ್ ಅವರ ಚಿತ್ರಕಥೆಗೂ ಆ್ಯನ್ ಕೋಟ್ಸ್ ಅವರ ಸಂಕಲನಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಅತ್ಯುತ್ತಮ ಚಿತ್ರ, ಅನುಮಾನವೇ ಬೇಡ. ಆದರೆ ಅದು ಪುಸ್ತಕ ನಿಲ್ಲಿಸಿದಲ್ಲಿ ನಿಲ್ಲುವುದಿಲ್ಲ. ಫೋಲಿಯನ್ನು ಫ್ಲೋರಿಡಾಗೆ ಒಯ್ಯುವ ವ್ಯಾನಿನಲ್ಲಿ ಜೈಲಿನಿಂದ ಹಲವು ಸಲ ತಪ್ಪಿಸಿಕೊಂಡ ಇನ್ನೊಬ್ಬ ಕೈದಿ ಕೂತಿರುತ್ತಾನೆ. ಅವನನ್ನು ಜೊತೆ ಮಾಡಿದ್ದು ಕ್ಯಾರೆನ್ ಎಂಬ ಸುಳಿವು ಸಿಗುತ್ತದೆ, ಪ್ರೇಕ್ಷಕರು ನಗುಮುಖದಿಂದ ಎದ್ದು ಹೋಗುತ್ತಾರೆ. ಪುಸ್ತಕ ಆ ಸಮಾಧಾನ ಕೊಡುವುದಿಲ್ಲ, ನನಗೆ ಪುಸ್ತಕದ ಕಠಿಣ ಮುಕ್ತಾಯವೇ ಹೆಚ್ಚು ಸತ್ಯವೆನಿಸುತ್ತದೆ. ಮೊದಲು ‘ಕ್ಯಾರೆನ್ ಮೇಕ್ಸ್ ಔಟ್’ ಕಥೆ, ಆಮೇಲೆ ಕಾದಂಬರಿ, ಕೊನೆಗೆ ಚಿತ್ರ, ಹೀಗೆ ಹೋದರೆ ಕ್ಯಾರೆನ್ ಪೂರ್ತಿಯಾಗಿ ಸಿಗುತ್ತಾಳೆ. ಲೆನರ್ಡ್ 2009ರಲ್ಲಿ ‘ರೋಡ್ ಡಾಗ್ಸ್’ ಬರೆದು ಫೋಲಿಯ ಕಥೆ ಮುಂದುವರಿಸಿದರು. ಅದರಲ್ಲಿ ಅವನಿಗೆ ಎದುರಾಗುವ ಹೆಣ್ಣು ಡಾನ್ ನವಾರೊ, ಭವಿಷ್ಯ ಹೇಳುವ ಕಸುಬಿನವಳು. ಅವಳು ಅವನನ್ನು ಹಿಡಿಯಲು ಬಂದವಳಲ್ಲ.